ನೀರು ನೋಡು

"ಅಲ್ಲೇ ನಿಲ್ಲು. ಹೊಟ್ಟೇಲಿ ಏನಾದ್ರೂ ಇದ್ಯಾ? ಇದ್ರೆ ಕೆಳಗೆ ಬರಬೇಡ."

ದೋಣಿ ಕಟ್ಟುವ ಕಡವಿನಿಂದ ಅತ್ತೆ ಬಾಲ್ಬಿನಾ ಕೂಗಿ ಕೇಳಿದಳು. ಎಲ್ವಿಯಾ ದಡದ ಮೇಲೆ ಬಾಳೆಗಿಡಗಳ ಹಿಂದೆಯೇ ನಿಂತಳು. ಅವಳ ಗಂಡ ಗಾಲೊನಿಗೆ ಪಿಟಲಾಲ ಹಾವು ಕಚ್ಚಿತ್ತು. ಮರಗೆಣಸಿನ ತೋಟದಿಂದ ಅವನು ಕುಂಟುತ್ತ ನೇರ ಕಡವಿಗೇ ಇಳಿದಿದ್ದ. ಹಾವು ಕಚ್ಚಿದವನ ಮೇಲೆ ಬಸುರಿಯ ಕಣ್ಣು ಬಿದ್ದರೆ ವಿಷ ಎದೆಗೇರುತ್ತದೆ ಎನ್ನುವುದು ಆ ಹೊಳೆಯ ಉದ್ದಕ್ಕೂ ಮಕ್ಕಳಿಗೂ ಗೊತ್ತಿದ್ದ ಮಾತು.

"ಇಲ್ಲ ಅತ್ತೆ," ಎಂದಳು ಎಲ್ವಿಯಾ.

ಎರಡು ತಿಂಗಳು ದಾಟಿತ್ತು. ಹಿಂದಿನ ಎರಡು ಸಲವೂ ಬಾಯಿಬಿಟ್ಟು ಹೇಳಿದ ವಾರದೊಳಗೆ ಬಸುರು ಇಳಿದುಹೋಗಿತ್ತು. ಈ ಸಲ ಗಂಡನಿಗೂ ಹೇಳಿರಲಿಲ್ಲ. ಮೇಲೂರಿನಲ್ಲಿ ವಿಮಾನ ಇಳಿಯುವ ಪಟ್ಟಿಯ ಹುಲ್ಲು ಸವರಲು ಗಂಡಸರೆಲ್ಲ ಹೋಗಿದ್ದರು, ಅವರಿಗೆ ಹುಳಿಗಂಜಿಯ ಮಡಕೆ ಹೊತ್ತು ಹೆಂಗಸರೂ ಹೋಗಿದ್ದರು. ಭಾರ ಹೊರಬಾರದೆಂದು ಎಲ್ವಿಯಾ ಏನೋ ನೆಪ ಹೇಳಿ ಉಳಿದಿದ್ದಳು. ಅವಳು ಉಳಿದಳೆಂದು ಗಾಲೊ ಉಳಿದಿದ್ದ. ಚುಚ್ಚುಮದ್ದಿದ್ದ ಆಸ್ಪತ್ರೆ ಹೊಳೆಯ ಕೆಳಗೆ, ಐದು ತಿರುವಿನಾಚೆ. ಅತ್ತೆಯ ಎರಡು ಕಣ್ಣಿಗೂ ಪೊರೆ ಬಂದು, ಬಿಸಿಲು ಯಾವುದು ನೆರಳು ಯಾವುದು ಎನ್ನುವಷ್ಟೇ ಕಾಣುತ್ತಿತ್ತು.

ಎಲ್ವಿಯಾ ಹಗ್ಗದ ಗಂಟನ್ನೇ ನೋಡುತ್ತ ಇಳಿದು ಗಂಟು ಬಿಚ್ಚಿದಳು. ಅವನು ತಾಯಿಯ ಹೆಗಲು ಹಿಡಿದು ದೋಣಿಯ ನಡುವೆ ಮಲಗಿದ್ದು ಹಲಗೆಯ ಸದ್ದಿನಿಂದಲೇ ತಿಳಿಯಿತು. ಯಾವಾಗಲೂ ಹಿಂದೆ ನಿಲ್ಲುವವಳು ಇಂದು ದೋಣಿ ತಳ್ಳುವ ಜಲ್ಲೆ ಹಿಡಿದು ಮೂತಿಗೆ ಹೋದಳು, ಅವನಿಗೆ ಬೆನ್ನು ಮಾಡಿ. ಅತ್ತೆ ಯಾಕೆಂದು ಕೇಳಿದ್ದಕ್ಕೆ, ನೀರು ಇಳಿದಿದೆ, ಬಂಡೆ ಕಾಣಬೇಕಲ್ಲ ಎಂದಳು.

ಮೊದಲ ತಿರುವಿನವರೆಗೆ ಗಾಲೊನೇ ಮಾತಾಡಿದ. ತಾಯಿ ಹೆಂಡತಿ ಇಬ್ಬರೂ ಒಂದೇ ದೋಣಿಯಲ್ಲಿ ಬಾಯಿ ಮುಚ್ಚಿಕೊಂಡು ಇದ್ದದ್ದು ಇದೇ ಮೊದಲು, ಅದಕ್ಕೆ ಹಾವೇ ಬರಬೇಕಾಯಿತು ಎಂದು ನಕ್ಕ. ಆಮೇಲೆ ಮಾತು ದಪ್ಪಗಾಯಿತು.

"ಎಲ್ವಿಯಾ, ಈ ಕಡೆ ತಿರುಗೇ ಒಂಚೂರು. ನಿನ್ನೆ ಜಗಳ ಇನ್ನೂ ಮುಗಿದಿಲ್ವಾ?"

"ಮುಂದೆ ಬಂಡೆ ಇದೆ," ಎಂದಳು ಅವಳು. ಬಂಡೆ ಇರಲಿಲ್ಲ.

ಎರಡನೆಯ ತಿರುವಿನಲ್ಲಿ ಅತ್ತೆ, ಬಾವು ಮೊಣಕಾಲು ದಾಟಿದೆಯಾ ನೋಡಿ ಹೇಳು ಎಂದಳು. ಎಲ್ವಿಯಾ ಕತ್ತು ಹೊರಳಿಸಿ, ದಡದ ಮರವೊಂದನ್ನು ನೋಡಿ, ಇಲ್ಲ ಎಂದಳು. ಮೂರನೆಯ ತಿರುವಿನಲ್ಲಿ ಅತ್ತೆ ಮತ್ತೆ ಕೇಳಿದಳು, ಇವಳು ಮತ್ತೆ ಇಲ್ಲ ಎಂದಳು. ಬೆನ್ನಿಗೇ ಕಿವಿ ಮೂಡಿದ ಹಾಗಿತ್ತು. ದೋಣಿಯ ತಳದ ನೀರು ಕೇಳಿಸುತ್ತಿತ್ತು, ದಡದ ಗಿಳಿಗಳು ಕೇಳಿಸುತ್ತಿದ್ದವು. ಗಾಲೊನ ದನಿ ಮಾತ್ರ ಕೇಳಿಸುತ್ತಿರಲಿಲ್ಲ.

"ಮೊಣಕಾಲು ದಾಟಿ ಆಗಲೇ ತೊಡೆಗೆ ಬಂದಿದೆ," ಎಂದಳು ಅತ್ತೆ. "ಕಣ್ಣಿಲ್ದಿದ್ರೂ ಕೈ ಇದೆ ನಂಗೆ. ನೀನು ನೋಡೇ ಇಲ್ಲ."

ಎಲ್ವಿಯಾ ಜಲ್ಲೆ ಊರಿದಳು, ಎತ್ತಿದಳು.

"ಎಷ್ಟು ತಿಂಗಳು?"

"ಎರಡು ದಾಟಿದೆ. ನಿಮಗೆ ಯಾರು ಹೇಳಿದ್ರು?"

"ನಸುಕಿಗೆ ಬೆಂಕಿ ಸುತ್ತ ಕೂತು ಗ್ವಾಯೂಸಾ ಸೊಪ್ಪಿನ ಕಷಾಯ ಕುಡೀತಾ ಎಲ್ಲರೂ ಕನಸು ಹೇಳ್ತೀವಿ. ತಿಂಗಳಿಂದ ನಿನಗೊಬ್ಬಳಿಗೆ ಕನಸೇ ಬೀಳ್ತಿಲ್ಲ. ಕನಸೇ ಬೀಳದೋರು ನಮ್ಮಲ್ಲಿ ಯಾರಿದಾರೆ?"

ಬಿದ್ದಿತ್ತು. ಯಾರೋ ಬಣ್ಣದ ಗೆರೆ ಎಳೆದ ಹೊಸ ಮಣ್ಣಿನ ಬಟ್ಟಲನ್ನು ತಂದು ಅವಳ ಕೈಗಿಟ್ಟಿದ್ದರು. ಹೇಳಿದ್ದರೆ ಹೆಣ್ಣುಮಗು ಎಂದು ಬೆಂಕಿಯ ಸುತ್ತ ಇದ್ದವರೆಲ್ಲ ಒಟ್ಟಿಗೇ ಅಂದುಬಿಡುತ್ತಿದ್ದರು. ಅದಕ್ಕೇ ನುಂಗಿಕೊಂಡಿದ್ದಳು.

"ಗೊತ್ತಿದ್ದೂ ಕಡವಲ್ಲಿ ಯಾಕೆ ಕೇಳಿದ್ರಿ?"

"ಕೇಳೋದು ಪದ್ಧತಿ. ನೀನು ಹೂಂ ಅಂದಿದ್ರೆ ಇವನನ್ನ ಯಾರು ಕರ್ಕೊಂಡು ಹೋಗ್ತಿದ್ರು? ನೀರು ನೋಡು."

ಎಲ್ವಿಯಾ ನೀರು ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ, ಅವನ ಉಸಿರಿದೆಯಾ ಎಂದು ಕೇಳಿದಳು. ಅತ್ತೆ ದೋಣಿಯ ನೀರು ತೋಡುವ ಸೋರೆಬುರುಡೆಯನ್ನು ತಡಕಿ ಮಡಿಲಲ್ಲಿ ಬೋರಲಿಟ್ಟುಕೊಂಡಳು.

"ಒಂದು ಕೈ ಇವನ ಎದೆ ಮೇಲಿದೆ. ಉಸಿರು ಎಳೆದಾಗಲೆಲ್ಲ ಇನ್ನೊಂದ್ರಲ್ಲಿ ಬುರುಡೆ ಬಡೀತೀನಿ. ಕೇಳಿಸ್ಕೋ. ತಿರುಗಬೇಡ."

ಟಕ್. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಟಕ್, ಟಕ್. ಮತ್ತೆ ನಿಂತಿತು; ಜಲ್ಲೆಯೂ ನೀರಿನೊಳಗೇ ನಿಂತಿತು. ಟಕ್. ಒಮ್ಮೆ ಓಡುತ್ತ ಒಮ್ಮೆ ಮುಗ್ಗರಿಸುತ್ತ ಬರುತ್ತಿದ್ದ ಆ ಸದ್ದಿಗೆ ಜೋತುಬಿದ್ದು ಅವಳು ನಾಲ್ಕನೆಯ ತಿರುವು ದಾಟಿಸಿದಳು, ಬಂಡೆಗಳ ಇಕ್ಕಟ್ಟಿನಲ್ಲಿ ದೋಣಿ ಉಜ್ಜದಂತೆ ತೂರಿಸಿದಳು.

ಐದನೆಯ ತಿರುವು ಕಳೆದಾಗ ಆಸ್ಪತ್ರೆಯ ತಗಡಿನ ಮಾಡು ಬಿಸಿಲಿಗೆ ಹೊಳೆಯಿತು. ದಡದಲ್ಲಿ ಯಾರೋ ಕೈ ಬೀಸಿದರು. ಬೆನ್ನ ಹಿಂದೆ ಬುರುಡೆ ಬಡಿಯುತ್ತಲೇ ಇತ್ತು. ಟಕ್. ಟಕ್. ಟಕ್. ಟಕ್. ಈಗ ಅದರಲ್ಲಿ ಉಸಿರಿನ ಓಟವೂ ಇರಲಿಲ್ಲ, ಮುಗ್ಗರಿಕೆಯೂ ಇರಲಿಲ್ಲ. ದಿನಾ ಬೆಳಿಗ್ಗೆ ಬೆಂದ ಗೆಣಸು ಜಜ್ಜುವ ಅತ್ತೆಯ ಕೈಯ ಹಾಗೆ ಒಂದೇ ಸಮ.

ಎಲ್ವಿಯಾ ತಿರುಗಲಿಲ್ಲ.