ನಾಲ್ಕನೆಯ ಸಾಲು

ಚರ್ಚಿನ ಹನ್ನೆರಡು ನಂಬಿಕೆಗಳನ್ನು ಸಾಲಾಗಿ ಬರೆದಿದ್ದ ಗೋಡೆಯ ಹಲಗೆಯ ಮೇಲೆ ಬಿಳಿ ಮೇಜುಬಟ್ಟೆ ಇಳಿಬಿಟ್ಟು, ನಾಲ್ಕು ಮೂಲೆಗೂ ಮೊಳೆ ಹೊಡೆದ ಮೇಲೆಯೇ ಲೆಕ್ಕದ ಮೇಷ್ಟ್ರಿಗೆ ಸಮಾಧಾನವಾಯಿತು. "ಪರೀಕ್ಷೆ ಅಂದ್ರೆ ಪರೀಕ್ಷೆ. ನೋಡ್ಕೊಂಡು ಹೇಳೋಕೆ ಬಿಟ್ರೆ ಗೋಡೆ ಮೇಲಿನ ಹಲ್ಲೀನೂ ಪಾಸಾಗುತ್ತೆ," ಎನ್ನುತ್ತ ಸುತ್ತಿಗೆಯನ್ನು ಕಿಟಕಿಯಲ್ಲಿಟ್ಟು, ಸಭೆಯ ಇನ್ನಿಬ್ಬರು ಹಿರಿಯರಾದ ಪಾದ್ರಿಗಳ ಮತ್ತು ಔಷಧಿ ಅಂಗಡಿಯವರ ನಡುವೆ ಕುಳಿತರು. ಎದುರಿನ ಸ್ಟೂಲಿನಲ್ಲಿ ಪೊರಕೆಯಮ್ಮ. ಹತ್ತೊಂಬತ್ತು ವರ್ಷದಿಂದ ಆ ಚರ್ಚಿನ ನೆಲ ಒರೆಸುತ್ತಿದ್ದವಳಿಗೆ ಅಲ್ಲಿ ಕುಳಿತು ಅಭ್ಯಾಸವಿರಲಿಲ್ಲ. ಹಿರಿಯರ ಮುಂದಿನ ಮೇಜಿನ ಕಾಲಿಗೆ ಅಂಟಿದ್ದ ಜೇಡರ ಬಲೆಯೇ ಕಣ್ಣಿಗೆ ಬೀಳುತ್ತಿತ್ತು.

ಅವಳಿಗೆ ಬೇಕಾಗಿದ್ದು ಒಂದೇ ಒಂದು ಗುಟುಕು ದ್ರಾಕ್ಷಾರಸ, ಅದೂ ಹೆಬ್ಬೆರಳಿನಷ್ಟು ಗಾಜಿನ ಲೋಟದಲ್ಲಿ. ತಿಂಗಳ ಮೊದಲ ಭಾನುವಾರ ಎರಡು ಆರಾಧನೆ, ಎರಡರಲ್ಲೂ ಕರ್ತನ ಭೋಜನ, ಸಭೆಯವರಿಗೆ ಒಂದೊಂದು ಲೋಟ ದ್ರಾಕ್ಷಾರಸ. ನಡುವಿನ ಅರ್ಧ ಗಂಟೆಯಲ್ಲಿ ನೂರಿಪ್ಪತ್ತು ಲೋಟ ತೊಳೆದಿಡಬೇಕು. ಬೆರಳು ಹೋಗದ ಲೋಟಗಳು. ಅವಳು ಹೇರ್‌ಪಿನ್ನಿಗೆ ಬಟ್ಟೆ ಸುತ್ತಿ, ತಳದಲ್ಲಿ ಎರಡು ಸುತ್ತು ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ ಬೋರಲು ಹಾಕುತ್ತಿದ್ದಳು. ಒಂದನ್ನೂ ಇದುವರೆಗೆ ತುಟಿಗೆ ತಾಗಿಸಿರಲಿಲ್ಲ. ಹನ್ನೆರಡು ನಂಬಿಕೆಗಳನ್ನು ತಪ್ಪಿಲ್ಲದೆ ಒಪ್ಪಿಸಿದವರಿಗೆ ಮಾತ್ರ ಆ ಲೋಟ ಎಂಬುದು ಸಭೆಯ ನಿಯಮ.

"ಶುರು ಮಾಡಮ್ಮ," ಎಂದರು ಪಾದ್ರಿಗಳು.

ಪೊರಕೆಯಮ್ಮ ಕಣ್ಣು ಮುಚ್ಚಿದಳು. ದಿನಾ ಬೆಳಗ್ಗೆ ಆ ಹಲಗೆಯ ದೂಳು ಹೊಡೆಯುವ ಹಾಗೆಯೇ ಮೇಲಿನಿಂದ ಕೆಳಗಿಳಿದಳು. ಒಂದು, ತ್ರಿಯೇಕ ದೇವರು. ಎರಡು, ಬಣ್ಣ ಉಬ್ಬಿರುವ ಸಾಲು, ದೇವರ ವಾಕ್ಯ. ಮೂರು, ಮನುಷ್ಯನ ಪಾಪ. ನಾಲ್ಕು, ಮನುಷ್ಯ ರಕ್ಷಣೆ ಹೊಂದುವುದು ಕೃಪೆಯಿಂದಲೇ, ಕ್ರಿಯೆಗಳಿಂದಲ್ಲ. ಎಲ್ಲೂ ತಡೆಯಲಿಲ್ಲ.

"ಒಂಬತ್ತು, ಸತ್ತವರ ಪುನರುತ್ಥಾನ."

"ತಪ್ಪು!" ಮೇಷ್ಟ್ರ ಕೆಂಪು ಪೆನ್ನಿಗೆ ಜೀವ ಬಂತು. "ಒಂಬತ್ತು ನ್ಯಾಯತೀರ್ಪು."

"ಅದು ಕರ್ತನ ಎರಡನೇ ಬರುವಿಕೆ ಅಲ್ವೇನ್ರೀ ಮೇಷ್ಟ್ರೇ?" ಎಂದರು ಔಷಧಿ ಅಂಗಡಿಯವರು.

"ಮಾತ್ರೆ ಕೊಡೋವಾಗ್ಲೂ ನೀವು ಹೀಗೇನಾ?"

"ಕ್ರಮ ಹೇಗಾದ್ರೂ ಇರ್ಲಿ, ಸಾರ ಮುಖ್ಯ," ಎಂದರು ಪಾದ್ರಿಗಳು ಅವಸರದಲ್ಲಿ. ತಮ್ಮನ್ನು ಕೇಳಿಬಿಟ್ಟಾರು ಎಂಬ ದಿಗಿಲು ಅವರಿಗೆ.

"ಪುನರುತ್ಥಾನಾನೇ ಅಯ್ಯನೋರೆ," ಎಂದಳು ಪೊರಕೆಯಮ್ಮ. "ಮೊದ್ಲು ಎಬ್ಬಿಸ್ದೆ ಆಮೇಲೆ ತೀರ್ಪು ಕೊಡೋದು ಯಾರಿಗೆ?"

ಮೇಷ್ಟ್ರು ಟಾರ್ಚು ಹಿಡಿದು ಬಟ್ಟೆಯ ಅಂಚಿನಲ್ಲಿ ತಲೆ ತೂರಿಸಿದರು. ಆ ತಲೆ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಬಂದ ಮುಖ ನೋಡಿಯೇ ಉಳಿದಿಬ್ಬರಿಗೆ ಉತ್ತರ ಗೊತ್ತಾಯಿತು. ಪೊರಕೆಯಮ್ಮ ಕೊನೆಯ ಮೂರನ್ನೂ ಒಪ್ಪಿಸಿ, ಕಣ್ಣು ತೆರೆದು, ಕಾದಳು.

"ಬಾಯಿಪಾಠ ಬೇರೆ, ನಂಬೋದು ಬೇರೆ," ಎಂದರು ಮೇಷ್ಟ್ರು, ಕೆದರಿದ ಕೂದಲು ಸರಿಮಾಡಿಕೊಳ್ಳುತ್ತ.

"ಅದೂ ಅಲ್ದೆ," ಔಷಧಿ ಅಂಗಡಿಯವರಿಗೆ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದುಬಿಟ್ಟಿತು, "ಇವ್ರು ಬಂದು ಮುಂದೆ ಕೂತ್ರೆ ಹಿಂದೆ ಲೋಟ ತೊಳೆಯೋರು ಯಾರು?"

ಪಾದ್ರಿಗಳು ಕೆಮ್ಮಿದರು. "ಇನ್ನೊಂದು ಮೂರು ತಿಂಗಳು ನೋಡೋಣಮ್ಮ. ಅಲ್ಲೀವರೆಗೂ ನಿಮ್ಮ ಸೇವೆ ಹೀಗೇ ನಡೀಲಿ."

ಪೊರಕೆಯಮ್ಮ ಎದ್ದಳು. ಸೊಂಟದ ಏಪ್ರನ್ನು ಬಿಚ್ಚಿ, ಮಡಿಸಿ, ಮೇಷ್ಟ್ರ ಕೆಂಪು ಪೆನ್ನಿನ ಪಕ್ಕ ಇಟ್ಟಳು. ಅದರ ಮೇಲೆ ಅಡುಗೆಕೋಣೆಯ ಬೀಗದಕೈ.

"ನಂಬ್ತೀನೋ ಇಲ್ವೋ ಅಂತ ತಾನೆ ನಿಮ್ಮ ಅನುಮಾನ? ನಾಲ್ಕನೇ ಸಾಲು ಚೆನ್ನಾಗಿ ನಂಬ್ತೀನಿ ಮೇಷ್ಟ್ರೇ. ಕ್ರಿಯೆಗಳಿಂದಲ್ಲ. ಅದಕ್ಕೇ ಈ ಭಾನುವಾರ ನಾನು ಲೋಟ ತೊಳೆಯೋದಿಲ್ಲ."

ಭಾನುವಾರ ಎರಡನೆಯ ಆರಾಧನೆಗೆ ಅವಳು ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕುಳಿತಳು. ಮುಂದೆ ಮೂವರು ಹಿರಿಯರ ತೋಳುಗಳು ಮೊಣಕೈವರೆಗೆ ಒದ್ದೆಯಾಗಿದ್ದವು. ಎಲ್ಲರೂ ಎದ್ದು, ಹಲಗೆಯ ಕಡೆ ತಿರುಗಿ, ಎರಡನೆಯ ಆರಾಧನೆಯಲ್ಲಿ ಮಾತ್ರ ಇರುವ ಪದ್ಧತಿಯಂತೆ ನಂಬಿಕೆಗಳನ್ನು ಒಟ್ಟಿಗೆ ಹೇಳತೊಡಗಿದರು. ಹಲಗೆಯ ಮೇಲೆ ಇನ್ನೂ ಮೇಜುಬಟ್ಟೆಯಿತ್ತು. ಬಿಚ್ಚಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ, ಈಗ ಆರಾಧನೆಯ ನಡುವೆ ಸುತ್ತಿಗೆ ತರುವಂತೆಯೂ ಇರಲಿಲ್ಲ. ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಮೂರರವರೆಗೆ ಹೇಗೋ ಬಂದರು. ಆಮೇಲೆ ಇಡೀ ಸಭೆ ಆ ಬಿಳಿ ಬಟ್ಟೆಯನ್ನೇ ದಿಟ್ಟಿಸುತ್ತ ನಿಂತುಬಿಟ್ಟಿತು. ಯಾರೋ ಕೆಮ್ಮಿದರು. ಮಗುವೊಂದು ನಕ್ಕಿತು.

"ನಾಲ್ಕು," ಎಂದಿತು ಹಿಂದಿನ ಬೆಂಚು, ಮತ್ತು ಸಾಲನ್ನು ಪೂರ್ತಿ ಹೇಳಿತು. ಜನ ಅದನ್ನೇ ಹೇಳಿದರು. ಐದು. ಆರು. ಒಂಬತ್ತು ಬಂದಾಗ ಮೇಷ್ಟ್ರ ದನಿ ಎಲ್ಲರಿಗಿಂತ ಜೋರಾಗಿತ್ತು.

ತಟ್ಟೆ ಹೊತ್ತ ಔಷಧಿ ಅಂಗಡಿಯವರು ಕೊನೆಯ ಬೆಂಚಿಗೆ ಬಂದು ನಿಂತು ಪಾದ್ರಿಗಳತ್ತ ನೋಡಿದರು. ಪಾದ್ರಿಗಳು ಮೇಷ್ಟ್ರತ್ತ ನೋಡಿದರು. ಮೇಷ್ಟ್ರು ಫ್ಯಾನು ನೋಡಿದರು. ಜನವೆಲ್ಲ ಕತ್ತು ತಿರುಗಿಸಿತ್ತು. ತಟ್ಟೆ ಮೆಲ್ಲಗೆ ಕೆಳಗಿಳಿಯಿತು.

ಪೊರಕೆಯಮ್ಮ ಒಂದು ಲೋಟ ಎತ್ತಿಕೊಂಡಳು. ಕೈ ತಾನಾಗಿಯೇ ಅದನ್ನು ಬೆಳಕಿಗೆ ಹಿಡಿಯಿತು. ರಸದ ಮೇಲ್ಗಡೆ, ಗಾಜಿನ ಅಂಚಿಗೆ, ಮೊದಲ ಆರಾಧನೆಯಲ್ಲಿ ಕುಡಿದ ಯಾರದೋ ತುಟಿಯ ಗುರುತು ಇನ್ನೂ ಹಾಗೆಯೇ ಇತ್ತು.

"ಯಾರು ತೊಳೆದಿದ್ದು ಇದನ್ನ?" ಎಂದಳು.

ಪಾದ್ರಿಗಳೂ ಮೇಷ್ಟ್ರೂ ಒದ್ದೆ ತೋಳುಗಳನ್ನು ಬೆನ್ನ ಹಿಂದೆ ಸರಿಸಿದರು. ಅವಳು ಲೋಟ ತಿರುಗಿಸಿ, ಆ ಗುರುತಿದ್ದ ಕಡೆಯಿಂದಲೇ ಕುಡಿದಳು.