ಎಂಟು ಗಂಟೆಯ ಮಾತ್ರೆ

“ನಾಲಿಗೆ ಎತ್ತಿ.”

ಎದುರು ಮನೆಯ ಗಡಿಯಾರದವರು ಎತ್ತಿದರು. ಕೆಳಗೆ ಮಾತ್ರೆ ಅಡಗಿರಲಿಲ್ಲ. ಹೆಡ್‌ಮೇಡಂ ಕನ್ನಡಕ ಸರಿಮಾಡಿಕೊಂಡು ಎಡಗೆನ್ನೆ, ಬಲಗೆನ್ನೆಗಳ ಸಂದಿಯನ್ನೂ ತಪಾಸಣೆ ಮಾಡಿ ಕುರ್ಚಿಗೆ ಒರಗಿದರು. ಹದಿನಾರು ವರ್ಷ ಶಾಲೆಯನ್ನು ಬೆರಳ ತುದಿಯಲ್ಲಿ ಕುಣಿಸಿದವರು ಅವರು. ಎಪ್ಪತ್ತೆರಡು ವರ್ಷದ ಒಬ್ಬ ತುಂಟ ಯಾವ ಮೂಲೆಗೆ?

“ಈಗ ನಿಮ್ಮ ಸರದಿ ಮೇಡಂ,” ಎಂದರು ಗಡಿಯಾರದವರು, ಮುಖ ಹುಳ್ಳಗೆ ಮಾಡಿಕೊಂಡು.

ಮೇಡಂ ತಮ್ಮ ಮಾತ್ರೆಯನ್ನು ಗುಟುಕು ನೀರಿನೊಂದಿಗೆ ಇಳಿಸಿದರು. ಒಪ್ಪಂದವೆಂದರೆ ಒಪ್ಪಂದ.

ಒಪ್ಪಂದಕ್ಕೆ ಮೂರು ತಿಂಗಳಾಗುತ್ತ ಬಂದಿತ್ತು. ಒಂದು ಬೆಳಿಗ್ಗೆ ಎದುರು ಮನೆಯ ಈ ಗಡಿಯಾರ ರಿಪೇರಿಯವರು ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದರು. ಪ್ರೆಶರ್ ಅಂತೆ. ಬಚ್ಚಲಲ್ಲಿ ಒಮ್ಮೆ ಜಾರಿದ್ದೂ ಆಯಿತಂತೆ. ಇನ್ನೊಂದು ಸಲ ಬಿದ್ದರೆ ಮನೆಗೆ ಬೀಗ ಹಾಕಿಸಿ ವೃದ್ಧಾಶ್ರಮಕ್ಕೆ ಸೇರಿಸುತ್ತೇನೆಂದು ಅಣ್ಣನ ಮಗ ಹೇಳಿದ್ದಾನಂತೆ. ಆದರೂ ಮಾತ್ರೆ ಮಾತ್ರ ಗಂಟಲಲ್ಲಿ ಇಳಿಯದಂತೆ.

ಮೇಡಂ ಎದುರು ಬಾಗಿಲನ್ನೊಮ್ಮೆ ನೋಡಿದರು. ಆ ಮಹಡಿಯಲ್ಲಿ ಇದ್ದದ್ದೇ ಎರಡು ಮನೆ. ಗಂಡ ತೀರಿಕೊಂಡ ಮೇಲೆ ಅವರು ಬಾಯಿ ತುಂಬ ಬೈಯಬಹುದಾದ ಏಕೈಕ ಮನುಷ್ಯ ಈತ. ಈತನೂ ಹೋದರೆ ಗೋಡೆಯನ್ನು ಬೈಯಬೇಕಷ್ಟೆ.

“ನಾಳೆಯಿಂದ ಎಂಟಕ್ಕೆ ಸರಿಯಾಗಿ ಬರ್ತೀನಿ. ನನ್ನೆದುರೇ ನುಂಗಬೇಕು.”

“ನೀವು ನುಂಗಿದ್ರೆ ನಾನೂ ನುಂಗ್ತೀನಿ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಆಗಬಾರದಲ್ವಾ ಮೇಡಂ?”

ಮೇಡಂಗೂ ಡಾಕ್ಟರು ಏನೋ ಬರೆದುಕೊಟ್ಟಿದ್ದರು, ಚಳಿಗಾಲದಲ್ಲಿ ಸ್ಟೂಲಿನಿಂದ ಬಿದ್ದಾಗ. ಡಾಕ್ಟರುಗಳಿಗೆ ಬರೆಯುವುದೇ ಕೆಲಸ. ಬಿದ್ದದ್ದು ಸ್ಟೂಲಿನ ತಪ್ಪು ಎಂದು ಮೇಡಂ ಅಂದೇ ತೀರ್ಪು ಕೊಟ್ಟು ಮಗಳ ಬಾಯಿ ಮುಚ್ಚಿಸಿದ್ದರು. ಮಾತ್ರೆಯ ಸ್ಟ್ರಿಪ್ ಡ್ರಾಯರಿನಲ್ಲಿ ಹಾಗೇ ಬಿದ್ದಿತ್ತು. ಪರರಿಗಾಗಿ ಈಗ ಅದನ್ನು ಹೊರತೆಗೆದರು.

ತುಂಟನ ತಕರಾರು ಅಲ್ಲಿಗೆ ಮುಗಿಯಲಿಲ್ಲ. ಪ್ರೆಶರ್ ನೋಡುವ ಯಂತ್ರದ ಮೇಲೆ ನಂಬಿಕೆಯಿಲ್ಲ, ಮೊದಲು ನಿಮ್ಮ ತೋಳಿಗೆ ಕಟ್ಟಿ ಪರೀಕ್ಷೆ ಮಾಡೋಣ ಎಂದರು. ಮೇಡಂ ತೋಳು ಚಾಚಿದರು. ಅಂದಿನಿಂದ ದಿನವೂ ಇಬ್ಬರ ಅಂಕಿಗಳೂ ನೋಟ್‌ಬುಕ್ಕಿಗೆ ಹೋದವು. ಬಚ್ಚಲ ಗೋಡೆಗೆ ಹಿಡಿಕಂಬಿ ಹಾಕಿಸಿ ಎಂದರೆ, “ಎರಡು ಮನೆ ಕೆಲಸ ಆದ್ರೇನೇ ಬರ್ತಾನಂತೆ ಪ್ಲಂಬರ್” ಎಂದರು. ಸರಿ, ಮೇಡಂ ಬಚ್ಚಲಿಗೂ ಒಂದು ಹಿಡಿಕಂಬಿ ಬಂತು. ಕಾರಿಡಾರಿನಲ್ಲಿ ಇಪ್ಪತ್ತು ಸುತ್ತು ನಡೆಯಲು ಜೊತೆ ಬೇಕು. ಉಪ್ಪು ಕಮ್ಮಿ ಅಡುಗೆ ಒಬ್ಬರೇ ಉಂಡರೆ ಅಳು ಬರುತ್ತದೆ. ಕಳ್ಳನಿಗೊಂದು ಪಿಳ್ಳೆ ನೆವ ಎಂದು ಗೊಣಗುತ್ತಲೇ ಮೇಡಂ ಸುತ್ತು ಹಾಕಿದರು, ಸಪ್ಪೆ ಉಂಡರು.

“ಮಾತ್ರೆನ ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಯಾಕ್ರೀ ತುಂಬಿದ್ದೀರಿ? ಯಾವುದು ಏನಂತ ಗೊತ್ತಾಗೋದು ಹೇಗೆ?”

“ಸ್ಟ್ರಿಪ್ ಒತ್ತೋಕೆ ಬೆರಳಿಗೆ ಬಲ ಸಾಲಲ್ಲ ಮೇಡಂ,” ಎನ್ನುತ್ತ ಗಡಿಯಾರದವರು ಸಾಸಿವೆಗಿಂತ ಸಣ್ಣ ಸ್ಕ್ರೂ ಒಂದನ್ನು ಚಿಮುಟದಲ್ಲಿ ಹಿಡಿದು ಅದರ ಗೂಡಿಗೆ ಕೂರಿಸಿದರು.

ಅದು ಮೇಡಂ ಮಗಳ ಕೈಗಡಿಯಾರ. ತಾಯಿಯನ್ನು ನೋಡಲು ಬಂದಾಗಲೆಲ್ಲ ಅವಳು ಅದನ್ನು ಎದುರು ಮನೆಗೆ ಕೊಟ್ಟು, ಅರ್ಧ ಗಂಟೆ ಕಾದು ಬರುತ್ತಿದ್ದಳು. ಒಂದು ಗಡಿಯಾರ ಅದೆಷ್ಟು ಸಲ ಕೆಡುತ್ತದೋ! ಈ ಕಾಲದ ಮಾಲೇ ಹಾಗೆ ಎಂದುಕೊಂಡು ಮೇಡಂ ಸುಮ್ಮನಿದ್ದರು.

ಮೂರು ತಿಂಗಳು ತುಂಬಿದ ದಿನ ಇಬ್ಬರೂ ಡಾಕ್ಟರ ಬಳಿ ಹೊರಟರು. ಮೇಡಂಗೆ ಪರೀಕ್ಷೆಯ ಫಲಿತಾಂಶದ ದಿನದ ಪುಕುಪುಕು. ಈತ ಫೇಲಾದರೆ ಎದುರು ಬಾಗಿಲಿಗೆ ಬೀಗ. ಗಡಿಯಾರದವರು ಮಾತ್ರ ಕ್ಲಿನಿಕ್ಕಿನ ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತಿ, ಮೇಲೆ ನಿಂತು ಕೈ ಚಾಚಿದರು. ನನ್ನ ಶಿಸ್ತಿನ ಫಲ ಎಂದು ಮೇಡಂ ಒಳಗೊಳಗೇ ಬೀಗಿದರು.

ಡಾಕ್ಟರಮ್ಮ ನೋಟ್‌ಬುಕ್ ತಿರುವಿದರು. ಒಂದು ಪುಟ, ಇನ್ನೊಂದು ಪುಟ.

“ದಿನಾ ಮಾತ್ರೆ ತಪ್ಪಿಲ್ಲ ತಾನೆ?”

“ಒಂದು ದಿನವೂ ಇಲ್ಲ. ಬಾಯಿ ತೆಗೆಸಿ ನೋಡಿದ್ದೀನಿ!”

“ತಲೆಸುತ್ತು?”

“ಎಲ್ಲಿಯದು!” ಎಂದರು ಗಡಿಯಾರದವರು. “ಮೊನ್ನೆ ಇಪ್ಪತ್ತಲ್ಲ, ಮೂವತ್ತು ಸುತ್ತು ಆಯ್ತು.”

ಡಾಕ್ಟರಮ್ಮ ನಕ್ಕು ಪೆನ್ನು ಕೆಳಗಿಟ್ಟರು. “ಭೇಷ್. ಪ್ರೆಶರ್ ಹತೋಟಿಗೆ ಬಂದಿದೆ. ಹೀಗೇ ಇದ್ರೆ ಮನೆ ಬಿಡೋ ಮಾತೇ ಬೇಡ. ಒಬ್ಬರೇ ಆರಾಮಾಗಿರಬಹುದು ಅಂತ ನಾನೇ ಮನೆಯವರಿಗೆ ಫೋನ್ ಮಾಡಿ ಹೇಳ್ತೀನಿ.”

ಮೇಡಂ ಕಣ್ಣಲ್ಲಿ ನೀರು ತುಂಬಿತು. ಅದನ್ನು ಮುಚ್ಚಿಕೊಳ್ಳಲು ಗಡಿಯಾರದವರ ಬೆನ್ನಿಗೆ ಒಂದು ಗುದ್ದು ಕೊಟ್ಟರು. “ಕೇಳಿಸ್ತೇನ್ರೀ? ಪಾಸಾದ್ರಿ! ನಿಮ್ಮಣ್ಣನ ಮಗನಿಗೆ ಈಗಲೇ ಫೋನ್ ಹೋಗಲಿ ಡಾಕ್ಟ್ರೇ.”

ಡಾಕ್ಟರಮ್ಮ ಗಡಿಯಾರದವರನ್ನು ನೋಡಿದರು. ಗಡಿಯಾರದವರು ಚಾವಣಿಯ ಫ್ಯಾನು ನೋಡತೊಡಗಿದರು.

“ಫೋನ್ ನಿಮ್ಮ ಮಗಳಿಗಮ್ಮ. ಅವಳ ಮಾತು ಕೇಳಿ ಮೂರು ತಿಂಗಳಿಂದ ನಿಮ್ಮೆದುರು ಪೆಪ್ಪರ್‌ಮಿಂಟ್ ನುಂಗ್ತಿರೋ ಈ ಮನುಷ್ಯನಿಗೆ ಅಣ್ಣನ ಮಗನೂ ಇಲ್ಲ, ಪ್ರೆಶರೂ ಇಲ್ಲ.”