ಆರು, ಎಂಟು, ಹದಿನಾಲ್ಕು

ವಿಡಿಯೋ ಹಾಕಿ ಎರಡು ದಿನವಾದರೂ ಒಬ್ಬರೂ ತಪ್ಪು ಹಿಡಿದಿಲ್ಲವಲ್ಲ ಎಂದು ವೆಂಕಟಾಚಲ ಮೇಷ್ಟ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. ಫೋನು ತೆಗೆದರೆ ಕಾಮೆಂಟಿನಲ್ಲಿ ಬರೀ ‘ಸೂಪರ್ ಸಾರ್’, ‘ಸಖತ್ತಾಗಿ ಅರ್ಥ ಆಯ್ತು ಸಾರ್’, ಸಾಲುಸಾಲು ಕೈಮುಗಿದ ಚಿತ್ರಗಳು. ಅರ್ಥವಾಯಿತಂತೆ, ಮಣ್ಣು! ತಟ್ಟೆಯಲ್ಲಿದ್ದ ಮೊಸರನ್ನವನ್ನು ಅಷ್ಟಕ್ಕೇ ಬಿಟ್ಟು, ಜಯನಗರದಲ್ಲಿ ಆಟೋ ಹತ್ತಿ ಬಿಟಿಎಂ ಲೇಔಟಿನಲ್ಲಿದ್ದ ಆನ್‌ಲೈನ್ ಕೋರ್ಸಿನ ಆಫೀಸಿಗೆ ಬಂದರು.

ಮೂವತ್ತು ವರ್ಷ ಗಣಿತ ಪಾಠ ಮಾಡಿದ ಮನುಷ್ಯನಿಗೆ ಒಂದು ಖಯಾಲಿಯಿತ್ತು. ದಿನಕ್ಕೊಂದು ಲೆಕ್ಕವನ್ನು ಬೇಕೆಂದೇ ತಪ್ಪು ಮಾಡಿ, ಏನೂ ಅರಿಯದವರಂತೆ ಬೋರ್ಡಿನ ಪಕ್ಕಕ್ಕೆ ಸರಿದು ನಿಲ್ಲುವುದು. ಮೊದಲು ಕಂಡುಹಿಡಿದ ಮಗುವಿನ ಕೈಗೆ ಸೀಮೆಸುಣ್ಣ. ಮೇಷ್ಟ್ರನ್ನು ಸಿಕ್ಕಿಸಿಹಾಕುವ ಆಸೆಗೇ ಹಿಂದಿನ ಬೆಂಚಿನ ಪುಂಡರೂ ಕಣ್ಣು ಮಿಟುಕಿಸದೆ ಕೂರುತ್ತಿದ್ದರು. ನಿವೃತ್ತರಾದ ಮೇಲೆ ಆನ್‌ಲೈನ್ ಕೋರ್ಸಿಗೆ ಪಾಠ ಒಪ್ಪಿಕೊಂಡಾಗ ಕ್ಯಾಮೆರಾದ ಮುಂದೆಯೂ ಅದನ್ನೇ ಮಾಡಿದರು. ಲಂಬಕೋನ ತ್ರಿಭುಜದ ಎರಡು ಬಾಹುಗಳು ಆರು ಮತ್ತು ಎಂಟು. ಉದ್ದದ ಬಾಹು ಹತ್ತು ಬರಬೇಕು. ಅವರು ಸುಮ್ಮನೆ ಎರಡನ್ನೂ ಕೂಡಿ ಹದಿನಾಲ್ಕು ಎಂದು ಬರೆದರು. ಅರ್ಧ ನಿಮಿಷ ಬಾಯಿ ಮುಚ್ಚಿ ನಿಂತರು. ಆಮೇಲೆ, ‘ಯಾರೂ ನೋಡ್ಲಿಲ್ವೇನ್ರೋ?’ ಎಂದು ತಾವೇ ಒರೆಸಿ ಸರಿಮಾಡಿದರು. ಆ ಅರ್ಧ ನಿಮಿಷದಲ್ಲಿ ಮಕ್ಕಳು ಮುಗಿಬಿದ್ದು ಕಾಮೆಂಟು ಹಾಕುತ್ತಾರೆಂದು ಅವರು ನಂಬಿದ್ದರು.

ವಿಡಿಯೋಗಳನ್ನು ಕೋರ್ಸಿಗೆ ಸೇರಿಸುವ ಕೆಲಸ ತೇಜಸ್ವಿನಿಯದು. “ಆ ವಿಡಿಯೋ ತೋರ್ಸಮ್ಮ ಒಂದ್ಸಲ,” ಎಂದು ಮೇಷ್ಟ್ರು ಅವಳ ಕುರ್ಚಿಯ ಹಿಂದೆ ನಿಂತರು. ಅವಳು ಪ್ಲೇ ಮಾಡಿದಳು. ಹದಿನಾಲ್ಕು ಎಂದು ಬರೆದ ಕೂಡಲೇ ಪರದೆಯ ಮೇಲೆ ‘ಧನ್ಯವಾದಗಳು’ ಬಂತು.

“ಇಷ್ಟೇನಾ? ಮುಂದಿಂದೆಲ್ಲಿ?”

“ಅಲ್ಲಿ ನೀವು ಸುಮ್ನೆ ನಿಂತ್ಬಿಟ್ರಲ್ಲ ಸಾರ್, ಪಾಠ ಮುಗೀತು ಅಂದ್ಕೊಂಡೆ. ಮುಂದಕ್ಕೆ ನೋಡೋಕ್ ಹೋಗ್ಲಿಲ್ಲ. ಮಾತಿಲ್ದೆ ಹತ್ತು ಸೆಕೆಂಡ್ ಇದ್ರೆ ಮಕ್ಳು ಬೇರೆ ವಿಡಿಯೋಗೆ ಹೋಗ್ಬಿಡ್ತಾರೆ ಸಾರ್, ಅದಕ್ಕೆ ಕಟ್ ಮಾಡ್ದೆ.”

ಮೇಷ್ಟ್ರು ಪರದೆಯತ್ತ ಬಗ್ಗಿದರು. “ಕೊನೇಲಿ ಅದೇ ಲೆಕ್ಕದ ಟೆಸ್ಟ್ ಬೇರೆ ಇದೆಯಲ್ಲ. ಅದರ ಉತ್ತರ ಯಾರು ಹಾಕಿದ್ದು?”

“ನಾನೇ ಸಾರ್, ನಿಮ್ಮ ವಿಡಿಯೋ ನೋಡ್ಕೊಂಡು. ಹದಿನಾಲ್ಕು ಅಂತ ಕೊಟ್ಟಿದ್ದೀನಿ.”

“ನೀನೂ ಹತ್ತನೇ ಕ್ಲಾಸ್ ದಾಟಿ ಬಂದವಳೇ ಅಲ್ವೇನಮ್ಮ?”

“ಯಾಕೋ ಡೌಟ್ ಬಂತು ಸಾರ್,” ಅವಳ ಮುಖ ಕೆಂಪಗಾಯಿತು. “ಆದ್ರೆ ನೀವೇ ಹೇಳಿದ್ಮೇಲೆ ಸರಿ ಇರತ್ತೆ ಅಂತ ಬಿಟ್ಟೆ. ಎರಡೇ ನಿಮಿಷ, ಪೂರ್ತಿ ವಿಡಿಯೋ ಈಗ್ಲೇ ಹಾಕ್ಬಿಡ್ತೀನಿ.”

“ಹಾಕುವೆಯಂತೆ ಇರು. ಟೆಸ್ಟ್ ಎಷ್ಟು ಜನ ಬರೆದಿದ್ದಾರೆ ನೋಡು.”

ಇನ್ನೂರ ಹನ್ನೆರಡು ಮಕ್ಕಳು ಬರೆದಿದ್ದರು. ತೇಜಸ್ವಿನಿ ಪಟ್ಟಿಯನ್ನು ಸರಿಸುತ್ತ ಹೋದಳು. ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು. ಮೇಷ್ಟ್ರು ಕಿಟಕಿಯವರೆಗೆ ಹೋದರು, ತಿರುಗಿ ಬಂದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತನ್ನ ಬಾಯಿಂದಲೇ ಇಷ್ಟು ಮಕ್ಕಳು ಸುಳ್ಳು ಕಲಿತುಬಿಟ್ಟವಲ್ಲ ಎಂಬುದು ಒಂದು ಸಂಕಟ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು: ಇಷ್ಟು ಜನರಲ್ಲಿ ಒಬ್ಬರಾದರೂ ತನ್ನನ್ನು ಅನುಮಾನಿಸಬಾರದಿತ್ತೇ?

“ಹತ್ತು ಅಂತ ಬರೆದೋರು ಒಬ್ರೂ ಇಲ್ವಾ? ಸರಿಯಾಗಿ ನೋಡಮ್ಮ.”

“ಇಲ್ಲ ಸಾರ್... ಇರಿ, ಇರಿ. ಇದ್ದಾಳೆ! ಒಬ್ಳು. ಜಯಾ ಅಂತ, ಗೊಟ್ಟಿಗೆರೆ. ಒಂಬತ್ತನೇ ಕ್ಲಾಸು. ನಿನ್ನೆ ಬೆಳಗ್ಗೆ ಆರೂ ಹತ್ತಕ್ಕೆ ಬರೆದಿದ್ದಾಳೆ.”

“ಹಾಂ! ನಾನ್ ಹೇಳ್ಲಿಲ್ವಾ?” ಮೇಷ್ಟ್ರು ಮೇಜಿನ ಮೇಲೆ ಕೈ ಬಡಿದ ಸದ್ದಿಗೆ ಪಕ್ಕದ ಸಾಲಿನವರು ತಿರುಗಿ ನೋಡಿದರು. ಎರಡು ದಿನದಿಂದ ಗಂಟಿಕ್ಕಿದ್ದ ಮುಖ ಅರಳಿತು. “ನಂಬರ್ ಇದ್ರೆ ಫೋನ್ ಮಾಡು, ನಾನೇ ಮಾತಾಡ್ತೀನಿ. ಮೇಷ್ಟ್ರು ಹೇಳಿದ್ದು ತಪ್ಪು, ನೀನು ಬರೆದದ್ದೇ ಸರಿ ಅಂತ ಆ ಮಗೂಗೆ ಹೇಳ್ಬೇಕು.”

ತೇಜಸ್ವಿನಿ ಫೋನಿಗೆ ಕೈಹಾಕಲಿಲ್ಲ. ಪರದೆಯನ್ನು ಮೆಲ್ಲಗೆ ಅವರತ್ತ ತಿರುಗಿಸಿದಳು.

“ತಪ್ಪಾದ್ರೆ ಇನ್ನೊಂದು ಚಾನ್ಸ್ ಕೊಡತ್ತೆ ಸಾರ್ ಇದು. ಆರೂ ಹದಿನೈದಕ್ಕೆ ಮತ್ತೆ ಬರೆದಿದ್ದಾಳೆ.”

ಜಯಾಳ ಹೆಸರಿನ ಮುಂದೆ ಹದಿನಾಲ್ಕು ಎಂದಿತ್ತು. ಅದರ ಕೆಳಗೆ ಹಸಿರು ಅಕ್ಷರದಲ್ಲಿ: ‘ಶಭಾಷ್! ಈಗ ಅರ್ಥವಾಯಿತು ನೋಡಿ.’